ಬಂಧನದಿಂದ ತೀರ್ಪಿನವರೆಗೆ: ಬೇರೆ ಬೇರೆ ಸಮಾಜಗಳ ಕ್ರಿಮಿನಲ್ ನ್ಯಾಯಾಡಳಿತದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಾನೂನು ಓದುತ್ತಿರುವವರು, ಪತ್ರಿಕೆಗಳಿಗೆ ವರದಿ ಬರೆಯುವವರು, ಮನೆಯವರೊಬ್ಬರ ಸಲುವಾಗಿ ಮೊದಲ ಬಾರಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಜಗತ್ತಿನ ಎಲ್ಲ ಪದ್ಧತಿಗಳನ್ನೂ ಇಲ್ಲಿ ವಿವರಿಸಿಲ್ಲ. ಆರಿಸಿಕೊಂಡ ದೇಶಗಳನ್ನೆಲ್ಲ ಒಂದೇ ಅಳತೆಗೋಲಿನಿಂದ ನೋಡಲಾಗಿದೆ: ತಪ್ಪಿತಸ್ಥನೆಂದು ಇನ್ನೂ ಸಾಬೀತಾಗದ ಮನುಷ್ಯನನ್ನು ಆ ಸಮಾಜ ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ಆ ಅಳತೆಗೋಲು.

ಕ್ರಿಮಿನಲ್ ನ್ಯಾಯಾಡಳಿತ ಎಂದರೆ ನ್ಯಾಯಾಲಯದ ಕೆಲಸ ಮಾತ್ರವೇ?

ಅಲ್ಲ. ದೂರು ಬರೆದುಕೊಳ್ಳುವ ಠಾಣೆಯ ರೈಟರ್‌ನಿಂದ ಹಿಡಿದು ತನಿಖಾಧಿಕಾರಿ, ಸರ್ಕಾರಿ ಅಭಿಯೋಜಕರು, ಆರೋಪಿಯ ಪರ ವಕೀಲರು, ನ್ಯಾಯಾಧೀಶರು, ಜೈಲು ಸಿಬ್ಬಂದಿ, ಪ್ರೊಬೇಷನ್ ಅಧಿಕಾರಿಯವರೆಗೆ ಎಲ್ಲರೂ ಈ ವ್ಯವಸ್ಥೆಯ ಭಾಗ. ತೀರ್ಪು ಮಾತ್ರ ಸುದ್ದಿಯಾಗುತ್ತದೆಯಾದರೂ ಪ್ರಕರಣದ ಹಣೆಬರಹ ಬಹುಮಟ್ಟಿಗೆ ಅದಕ್ಕೂ ಮೊದಲೇ, ಎಫ್‌ಐಆರ್‌ನಲ್ಲಿ ಏನು ಬರೆದರು, ಮಹಜರನ್ನು (ಸ್ಥಳ, ವಸ್ತುಗಳ ಕುರಿತು ಪಂಚರ, ಅಂದರೆ ಸಾಕ್ಷಿಗಳ ಮುಂದೆ ಬರೆಯುವ ದಾಖಲೆಯನ್ನು) ಎಷ್ಟು ಸರಿಯಾಗಿ ಮಾಡಿದರು, ಸಾಕ್ಷಿಗಳನ್ನು ಯಾವಾಗ ವಿಚಾರಿಸಿದರು ಎಂಬುದರಲ್ಲಿ ನಿರ್ಧಾರವಾಗಿರುತ್ತದೆ. ಭಾರತದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳು ಜಾರಿಯಲ್ಲಿವೆ. ಅವು 1860ರ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ ಮತ್ತು 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಬಂದವು. ಮುಂದಿನ ಉತ್ತರಗಳಲ್ಲಿ ನಾಗರಿಕ ಸುರಕ್ಷಾ ಸಂಹಿತೆಯನ್ನು ‘ಸುರಕ್ಷಾ ಸಂಹಿತೆ’ ಎಂದಷ್ಟೇ ಕರೆಯಲಾಗಿದೆ.

ಇಂಗ್ಲೆಂಡಿನ ಪದ್ಧತಿಗೂ ಫ್ರಾನ್ಸಿನ ಪದ್ಧತಿಗೂ ಮೂಲದಲ್ಲೇ ವ್ಯತ್ಯಾಸವಿದೆ ಎನ್ನುತ್ತಾರಲ್ಲ, ಅದೇನು?

ಸತ್ಯವನ್ನು ಹುಡುಕುವ ಹೊಣೆ ಯಾರದ್ದು ಎಂಬಲ್ಲಿ ಎರಡೂ ಬೇರೆಯಾಗುತ್ತವೆ. ಇಂಗ್ಲೆಂಡ್, ಅಮೆರಿಕ ಮತ್ತು ಭಾರತದಲ್ಲಿ ಅಭಿಯೋಜನೆ (ಸರ್ಕಾರದ ಪರ ಮೊಕದ್ದಮೆ ನಡೆಸುವವರು) ಒಂದು ಪಕ್ಷ, ಆರೋಪಿ ಇನ್ನೊಂದು ಪಕ್ಷ. ಇಬ್ಬರೂ ತಮ್ಮ ತಮ್ಮ ಸಾಕ್ಷ್ಯವನ್ನು ಮುಂದಿಡುತ್ತಾರೆ, ಪಾಟಿ ಸವಾಲಿನಲ್ಲಿ ಪರಸ್ಪರ ಪರೀಕ್ಷಿಸುತ್ತಾರೆ, ನ್ಯಾಯಾಧೀಶರು ಬಹುಮಟ್ಟಿಗೆ ಕೇಳಿ ತೀರ್ಮಾನಿಸುವವರು. ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ 1808ರ ಸಂಹಿತೆಯ ಕಾಲದಿಂದಲೂ ತನಿಖೆ ನಡೆಸುವ ನ್ಯಾಯಾಧೀಶ ಎಂಬ ಹುದ್ದೆ ಇದೆ. ಅತಿ ಗಂಭೀರ ಅಪರಾಧಗಳಲ್ಲಿ ಈ ನ್ಯಾಯಾಧೀಶರ ತನಿಖೆ ಕಡ್ಡಾಯವಾಗಿದ್ದು, ಆರೋಪಿಯ ವಿರುದ್ಧ ಇರುವುದನ್ನಷ್ಟೇ ಅಲ್ಲದೆ ಆತನ ಪರವಾಗಿರುವುದನ್ನೂ ಹುಡುಕಿ ಕಡತಕ್ಕೆ ಸೇರಿಸುವುದು ಅವರ ಕರ್ತವ್ಯವಾಗಿದೆ. ವಿಚಾರಣೆಯ ದಿನ ಅಧ್ಯಕ್ಷತೆ ವಹಿಸುವ ನ್ಯಾಯಾಧೀಶರು ಆ ಕಡತವನ್ನು ಮೊದಲೇ ಓದಿಕೊಂಡು ಬಂದಿರುತ್ತಾರೆ, ಪ್ರಶ್ನೆಗಳನ್ನು ತಾವೇ ಕೇಳುತ್ತಾರೆ.

ಈ ಎರಡು ದಾರಿಗಳು ಕವಲೊಡೆದ ಬಗೆ ತಿಳಿದುಕೊಳ್ಳುವಂಥದ್ದು. ಯುರೋಪಿನಲ್ಲಿ ಕಾದ ಕಬ್ಬಿಣ ಹಿಡಿಸಿ, ನೀರಿನಲ್ಲಿ ಮುಳುಗಿಸಿ ತಪ್ಪಿತಸ್ಥನನ್ನು ಗುರುತಿಸುವ ರೂಢಿಯಿತ್ತು. ಅದಕ್ಕೆ ಪಾದ್ರಿಗಳ ಆಶೀರ್ವಾದ ಬೇಕಿತ್ತು. 1215ರಲ್ಲಿ ನಾಲ್ಕನೆಯ ಲ್ಯಾಟರನ್ ಧರ್ಮಸಭೆ ಪಾದ್ರಿಗಳು ಇದರಲ್ಲಿ ಪಾಲ್ಗೊಳ್ಳುವುದನ್ನು ನಿಷೇಧಿಸಿತು. ದೇವರ ತೀರ್ಪು ಇಲ್ಲವಾದ ಮೇಲೆ ಮನುಷ್ಯರ ತೀರ್ಪು ಬೇಕಾಯಿತು. ಇಂಗ್ಲೆಂಡ್ ಆ ಜಾಗಕ್ಕೆ ನೆರೆಹೊರೆಯ ಹನ್ನೆರಡು ಜನರನ್ನು ತಂದಿತು, ಯುರೋಪಿನ ಒಳನಾಡುಗಳು ಓದು ಬರಹ ಬಲ್ಲ ನ್ಯಾಯಾಧಿಕಾರಿಯನ್ನೂ ಆತನ ಲಿಖಿತ ಕಡತವನ್ನೂ ತಂದವು. ಆ ನ್ಯಾಯಾಧಿಕಾರಿಗೆ ಪೂರ್ಣ ಸಾಕ್ಷ್ಯವೆಂದರೆ ತಪ್ಪೊಪ್ಪಿಗೆ, ಅದನ್ನು ಪಡೆಯಲು ಚಿತ್ರಹಿಂಸೆಯನ್ನು ಕಾನೂನೇ ಒಪ್ಪಿಕೊಂಡ ಶತಮಾನಗಳೂ ಆಮೇಲೆ ಬಂದವು. ಇವತ್ತಿನ ಫ್ರಾನ್ಸ್ ಆ ಸ್ಥಿತಿಯಿಂದ ಬಹಳ ದೂರ ಬಂದಿದೆ.

ನಮ್ಮ ನಾಡಿನಲ್ಲೂ ಇಂಥ ದಿವ್ಯ ಪರೀಕ್ಷೆಗಳು ಇದ್ದವೇ?

ಇದ್ದವು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಹಿಂದೂ ಆಸ್ತಿ ಹಕ್ಕಿನ ವಿಚಾರದಲ್ಲಿ ಇದರ ಹೆಸರನ್ನು ಬಹಳಷ್ಟು ಜನ ಕೇಳಿರುತ್ತಾರೆ, ಆದರೆ ಅದರ ವ್ಯವಹಾರಾಧ್ಯಾಯ ಸಾಕ್ಷ್ಯದ ಕುರಿತೂ ವಿಸ್ತಾರವಾಗಿ ಚರ್ಚಿಸುತ್ತದೆ. ಲಿಖಿತ, ಭುಕ್ತಿ (ಸ್ವತ್ತು ಅನುಭವದಲ್ಲಿರುವುದು), ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು ಮೊದಲು, ಅವು ಯಾವುದೂ ಸಿಗದಿದ್ದಾಗ ದಿವ್ಯ. ತುಲಾ (ತಕ್ಕಡಿ), ಅಗ್ನಿ, ಜಲ, ವಿಷ, ಕೋಶ (ದೇವರ ಮೂರ್ತಿ ತೊಳೆದ ನೀರು ಕುಡಿಯುವುದು) ಎಂದು ದಿವ್ಯಗಳು ಐದು ಬಗೆ.

ಇದರಲ್ಲಿ ಒಂದು ಮಾತನ್ನು ಇವತ್ತಿಗೂ ನಿಂತು ಯೋಚಿಸಬೇಕು. ದೊಡ್ಡ ಆರೋಪಗಳಲ್ಲಿ ದಿವ್ಯವನ್ನು ವಿಧಿಸಬೇಕಾದರೆ ಆರೋಪ ಹೊರಿಸಿದವನು ‘ಶೀರ್ಷಕಸ್ಥ’ನಾಗಿರಬೇಕು, ಅಂದರೆ ಆರೋಪ ಸುಳ್ಳಾದರೆ ದಂಡವನ್ನು ತಾನು ಹೊರುತ್ತೇನೆಂದು ಒಪ್ಪಿರಬೇಕು ಎಂದು ಸ್ಮೃತಿ ಹೇಳುತ್ತದೆ. ವರ್ಣಕ್ಕೊಂದು ನ್ಯಾಯ ಹೇಳಿದ ಆ ವ್ಯವಸ್ಥೆಯನ್ನು ಮರಳಿ ಬಯಸಲು ಯಾವ ಕಾರಣವೂ ಇಲ್ಲ. ಆದರೆ ಆರೋಪ ಹೊರಿಸುವುದೂ ಹೊಣೆಗಾರಿಕೆಯ ಕೆಲಸವೆಂಬ ಅರಿವು ಆ ಕಾಲದ ಚಿಂತನೆಯಲ್ಲಿ ಇತ್ತು ಎಂಬುದನ್ನು ಗಮನಿಸಬೇಕು.

ಬಂಧಿಸಿದ ವ್ಯಕ್ತಿಯನ್ನು ಪೊಲೀಸರು ಎಷ್ಟು ಕಾಲ ತಮ್ಮ ಬಳಿ ಇಟ್ಟುಕೊಳ್ಳಬಹುದು?

ಭಾರತದ ಸಂವಿಧಾನದ 22ನೇ ವಿಧಿಯ ಪ್ರಕಾರ, ಪ್ರಯಾಣದ ಸಮಯವನ್ನು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆಮೇಲೆ ಮ್ಯಾಜಿಸ್ಟ್ರೇಟರು ಒಟ್ಟು 15 ದಿನಗಳವರೆಗೆ ಪೊಲೀಸ್ ವಶಕ್ಕೆ ನೀಡಬಹುದು. ಹಳೆಯ ಸಂಹಿತೆಯಡಿ ಈ 15 ದಿನಗಳು ಮೊದಲ 15 ದಿನಗಳಲ್ಲೇ ಮುಗಿಯಬೇಕೆಂಬುದು ನೆಲೆನಿಂತ ಅರ್ಥವಾಗಿತ್ತು. ಸುರಕ್ಷಾ ಸಂಹಿತೆಯ 187ನೇ ಕಲಂ ಅದನ್ನು ಅಪರಾಧದ ಗಂಭೀರತೆಗೆ ಅನುಗುಣವಾಗಿ ಮೊದಲ 40 ಅಥವಾ 60 ದಿನಗಳಲ್ಲಿ ತುಂಡು ತುಂಡಾಗಿ ಪಡೆಯಲು ಅವಕಾಶ ಕೊಟ್ಟಿದೆ. ಜೈಲು ಸೇರಿದ ಮೇಲೂ ಮತ್ತೆ ಠಾಣೆಗೆ ಕರೆದೊಯ್ಯುವ ಸಾಧ್ಯತೆ ಅಷ್ಟು ದಿನ ತೂಗುತ್ತಿರುವುದು ಆರೋಪಿಯ ಮನಸ್ಸಿನ ಮೇಲೆ ಏನು ಮಾಡುತ್ತದೆ, ಜಾಮೀನು ಕೊಡಬೇಕಾದ ನ್ಯಾಯಾಧೀಶರ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂದು ಯೋಚಿಸಿದರೆ ಇದು ಒಳ್ಳೆಯ ಬದಲಾವಣೆ ಎನ್ನಲು ಮನಸ್ಸು ಬಾರದು.

ಇಂಗ್ಲೆಂಡಿನಲ್ಲಿ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯಂತೆ ಆರೋಪ ಹೊರಿಸದೆ 24 ಗಂಟೆ, ಹಿರಿಯ ಅಧಿಕಾರಿಯ ಅನುಮತಿಯಿದ್ದರೆ 36 ಗಂಟೆ, ನ್ಯಾಯಾಲಯದ ಅಪ್ಪಣೆಯ ಮೇಲೆ ಹೆಚ್ಚೆಂದರೆ 96 ಗಂಟೆ ಇಟ್ಟುಕೊಳ್ಳಬಹುದು. ಭಯೋತ್ಪಾದನೆಯ ಪ್ರಕರಣಗಳಿಗೆ ಬೇರೆ ನಿಯಮವಿದೆ. ಜಪಾನಿನಲ್ಲಿ ಪೊಲೀಸರಿಗೆ 48 ಗಂಟೆ, ಅಭಿಯೋಜಕರಿಗೆ 24 ಗಂಟೆ, ನಂತರ ನ್ಯಾಯಾಧೀಶರ ಆದೇಶದ ಮೇಲೆ ಹತ್ತು ದಿನ, ಮತ್ತೆ ಹತ್ತು ದಿನ ಹೀಗೆ ಒಟ್ಟು 23 ದಿನ ಆರೋಪ ಹೊರಿಸುವ ಮುನ್ನವೇ ಇಟ್ಟುಕೊಳ್ಳಬಹುದು. ಇನ್ನೊಂದು ಆರೋಪದ ಮೇಲೆ ಮತ್ತೆ ಬಂಧಿಸಿದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ.

ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡರೆ ಅದೇ ಸಾಕ್ಷ್ಯವಾಗುತ್ತದೆಯೇ?

ಭಾರತದಲ್ಲಿ ಇಲ್ಲ. ಸಾಕ್ಷ್ಯ ಅಧಿನಿಯಮದ 23ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಬ್ರಿಟಿಷರ ಕಾಲದಲ್ಲೇ ಈ ನಿಷೇಧ ಬಂದದ್ದು ಠಾಣೆಗಳಲ್ಲಿ ಹೊಡೆದು ಹೇಳಿಸುತ್ತಾರೆ ಎಂಬುದು ಆಗಲೇ ಎಲ್ಲರಿಗೂ ಗೊತ್ತಿದ್ದ ಕಾರಣದಿಂದ. ಆದರೆ ಇದಕ್ಕೊಂದು ಕಿಂಡಿ ಇದೆ: ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ.

ಕರ್ನಾಟಕದ ಯಾವುದೇ ತಾಲ್ಲೂಕು ನ್ಯಾಯಾಲಯದಲ್ಲಿ ಕಳವಿನ ಪ್ರಕರಣವೊಂದರ ದೋಷಾರೋಪಣಾ ಪಟ್ಟಿಯನ್ನು ತೆರೆದು ನೋಡಿ. ಅದರೊಳಗೆ ‘ಸ್ವ-ಇಚ್ಛಾ ಹೇಳಿಕೆ’ ಎಂಬ ತಲೆಬರಹದ ಎರಡು ಮೂರು ಹಾಳೆಗಳಿರುತ್ತವೆ. ಆರೋಪಿ ತನ್ನ ಹುಟ್ಟೂರು, ಕಸುಬು, ಕೆಟ್ಟ ಸಹವಾಸ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಂತೆ ಬರೆದು, ಕೊನೆಯಲ್ಲಿ ‘ನನ್ನ ಜೊತೆ ಬಂದರೆ ಮಾಲನ್ನು ಇಟ್ಟಿರುವ ಜಾಗವನ್ನು ತೋರಿಸಿಕೊಡುತ್ತೇನೆ’ ಎಂಬ ಅರ್ಥದ ಒಂದು ವಾಕ್ಯ ಇರುತ್ತದೆ. ಹೇಳಿಕೆಯ ಉಳಿದ ಭಾಗವೆಲ್ಲ ಕಾನೂನಿನ ಕಣ್ಣಿನಲ್ಲಿ ಬಿಳಿ ಕಾಗದ, ಆ ಒಂದು ವಾಕ್ಯ ಮಾತ್ರ ಜೀವಂತ. ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಆರೋಪಿಗಳು ಒಂದೇ ಮಾತಿನಲ್ಲಿ ಒಂದೇ ವಾಕ್ಯ ಹೇಳುತ್ತಾರೆ ಎಂದರೆ ಆ ಮಾತು ಯಾರದ್ದು ಎಂಬ ಪ್ರಶ್ನೆ ಏಳಲೇಬೇಕು. ಹೀಗಾಗಿಯೇ ಮಹಜರಿಗೆ ಸಹಿ ಹಾಕಿದ ಪಂಚರನ್ನು ವಕೀಲರು ಅಷ್ಟು ದೀರ್ಘವಾಗಿ ಪಾಟಿ ಸವಾಲಿಗೆ ಒಳಪಡಿಸುತ್ತಾರೆ.

ತಪ್ಪೊಪ್ಪಿಗೆಯನ್ನು ಮ್ಯಾಜಿಸ್ಟ್ರೇಟರೇ ದಾಖಲಿಸಿಕೊಳ್ಳುವ ದಾರಿಯೂ ಇದೆ. ಆಗ ಅವರು, ಹೇಳಲೇಬೇಕೆಂಬ ಕಟ್ಟುಪಾಡು ನಿನಗಿಲ್ಲ, ಹೇಳಿದರೆ ಅದನ್ನು ನಿನ್ನ ವಿರುದ್ಧ ಬಳಸಬಹುದು ಎಂದು ಮೊದಲೇ ಎಚ್ಚರಿಸಬೇಕು.

ಮಂಪರು ಪರೀಕ್ಷೆ ಮಾಡಿಸಿದರೆ ಸತ್ಯ ಹೊರಬರುವುದಿಲ್ಲವೇ?

ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕರ್ನಾಟಕದ ಹೆಸರಿನಲ್ಲೇ ಇರುವ ಒಂದು ತೀರ್ಪು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳಿನ ನಕ್ಷೆ ಪರೀಕ್ಷೆ ಮಾಡುವಂತಿಲ್ಲ ಎಂದು ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕೆಂದು ಯಾರನ್ನೂ ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೇ ವಿಧಿ ಮತ್ತು ಜೀವ, ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿ ಅದಕ್ಕೆ ಆಧಾರ. ಒಪ್ಪಿಗೆ ಕೊಟ್ಟರೂ ಆ ಸ್ಥಿತಿಯಲ್ಲಿ ಆಡಿದ ಮಾತು ತಾನಾಗಿಯೇ ಸಾಕ್ಷ್ಯವಾಗುವುದಿಲ್ಲ. ಅರೆಪ್ರಜ್ಞೆಯಲ್ಲಿ ಮನುಷ್ಯ ಕಲ್ಪಿಸಿಕೊಂಡದ್ದನ್ನೂ ಹೇಳುತ್ತಾನೆ, ಕೇಳಿದವರು ಸೂಚಿಸಿದ್ದನ್ನೂ ಹೇಳುತ್ತಾನೆ.

ಜಪಾನಿನಲ್ಲಿ ಶೇ 99ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಶಿಕ್ಷೆಯಾಗುತ್ತದಂತೆ. ಅಂಥ ದಕ್ಷತೆ ನಮಗೇಕೆ ಸಾಧ್ಯವಿಲ್ಲ?

ಈ ಪ್ರಶ್ನೆ ಕೇಳುವಾಗ ಮೆಚ್ಚುಗೆಯ ದನಿ ಇರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಮೊದಲನೆಯದಾಗಿ, ಜಪಾನಿನ ಅಭಿಯೋಜಕರಿಗೆ ಪ್ರಕರಣವನ್ನು ನ್ಯಾಯಾಲಯಕ್ಕೆ ಒಯ್ಯದಿರುವ ವಿಶಾಲ ಅಧಿಕಾರವಿದೆ. ಸಾಕ್ಷ್ಯ ಗಟ್ಟಿಯಿದ್ದರೂ ಆರೋಪಿಯ ವಯಸ್ಸು, ಪಶ್ಚಾತ್ತಾಪ, ನಷ್ಟ ತುಂಬಿಕೊಟ್ಟದ್ದನ್ನು ನೋಡಿ ಕೈಬಿಡಬಹುದು. ಗೆಲ್ಲುವ ಭರವಸೆ ಇರುವ ಪ್ರಕರಣಗಳಷ್ಟೇ ನ್ಯಾಯಾಲಯಕ್ಕೆ ಹೋಗುತ್ತವೆಯಾದ್ದರಿಂದ ಶಿಕ್ಷೆಯ ಪ್ರಮಾಣ ಮೇಲಿರುವುದು ಸಹಜ. ಎರಡನೆಯ ಕಾರಣ ಕಹಿಯಾದದ್ದು. ತಪ್ಪೊಪ್ಪಿಗೆಯೊಂದರಿಂದಲೇ ಶಿಕ್ಷೆ ಕೊಡುವಂತಿಲ್ಲ ಎಂದು ಅಲ್ಲಿನ ಸಂವಿಧಾನದ 38ನೇ ವಿಧಿ ಹೇಳುತ್ತದೆ. ಆದರೂ ಮೇಲೆ ಹೇಳಿದ 23 ದಿನಗಳಲ್ಲಿ, ವಿಚಾರಿಸುವ ಕೋಣೆಯೊಳಗೆ ವಕೀಲರಿಲ್ಲದೆ, ಒಪ್ಪಿಕೊಳ್ಳದವರಿಗೆ ಜಾಮೀನು ಸಿಗುವುದು ಕಷ್ಟವೆಂಬ ಭಯದ ನಡುವೆ ತಪ್ಪೊಪ್ಪಿಗೆ ಪಡೆಯುವ ರೂಢಿ ಬಲವಾಗಿದೆ. ಜಪಾನಿನ ವಕೀಲರೇ ಇದನ್ನು ‘ಒತ್ತೆಯಾಳು ನ್ಯಾಯ’ ಎಂದು ಕರೆಯುತ್ತಾರೆ.

ಇವಾವೊ ಹಕಮಾದ ಅವರ ಬದುಕನ್ನು ನೋಡಿ. ಬಾಕ್ಸರ್ ಆಗಿದ್ದ ಅವರು ಶಿಜುವೊಕದಲ್ಲಿ ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1966ರಲ್ಲಿ ಕಾರ್ಖಾನೆಯ ಅಧಿಕಾರಿಯೊಬ್ಬರ ಕುಟುಂಬದ ನಾಲ್ವರ ಕೊಲೆಯಾದಾಗ ಅವರನ್ನು ಬಂಧಿಸಲಾಯಿತು. ಸುಮಾರು 20 ದಿನಗಳ ವಿಚಾರಣೆಯ ನಂತರ ಅವರು ತಪ್ಪೊಪ್ಪಿಕೊಂಡರು, ನ್ಯಾಯಾಲಯದಲ್ಲಿ ಅದನ್ನು ನಿರಾಕರಿಸಿದರು. ಘಟನೆ ನಡೆದು ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮಿಸೊ ತೊಟ್ಟಿಯೊಂದರಲ್ಲಿ ರಕ್ತದ ಕಲೆಯ ಬಟ್ಟೆಗಳು ‘ಸಿಕ್ಕವು’. 1968ರಲ್ಲಿ ಮರಣದಂಡನೆ ಆಯಿತು. ಆ ತೀರ್ಪು ಕೊಟ್ಟ ಮೂವರು ನ್ಯಾಯಾಧೀಶರಲ್ಲಿ ಒಬ್ಬರಾದ ನೊರಿಮಿಚಿ ಕುಮಾಮೊತೊ, ಆಗಲೇ ತಮಗೆ ಅವರು ನಿರ್ದೋಷಿ ಎನಿಸಿತ್ತು ಎಂದು 2007ರಲ್ಲಿ ಬಹಿರಂಗವಾಗಿ ಹೇಳಿದರು. 2014ರಲ್ಲಿ ಬಿಡುಗಡೆ, 2024ರ ಸೆಪ್ಟೆಂಬರ್ 26ರಂದು ಖುಲಾಸೆ. ಬಟ್ಟೆಗಳೂ ತಪ್ಪೊಪ್ಪಿಗೆಯ ದಾಖಲೆಯೂ ತನಿಖಾ ಸಂಸ್ಥೆಗಳು ಕಟ್ಟಿದವು ಎಂದು ನ್ಯಾಯಾಲಯ ಹೇಳಿತು. ಆಗ ಹಕಮಾದ ಅವರಿಗೆ 88 ವರ್ಷ. ಪ್ರತಿದಿನ ಬೆಳಿಗ್ಗೆ ಇವತ್ತೇ ನೇಣೇನೋ ಎಂದು ಕಾಯುತ್ತ ಕಳೆದ ದಶಕಗಳು ಅವರ ಮಾನಸಿಕ ಆರೋಗ್ಯವನ್ನು ಕಿತ್ತುಕೊಂಡಿದ್ದವು. 2025ರಲ್ಲಿ ದಿನಕ್ಕೆ 12,500 ಯೆನ್ ಲೆಕ್ಕದಲ್ಲಿ ಸುಮಾರು 21.7 ಕೋಟಿ ಯೆನ್ ಪರಿಹಾರ ನೀಡಲಾಯಿತು. ಶೇ 99ರ ಲೆಕ್ಕದಲ್ಲಿ ಅವರೂ ಒಂದು ಅಂಕಿಯಾಗಿದ್ದರು.

ಬಡವರಿಗೆ ಜಾಮೀನು ಮಂಜೂರಾದರೂ ಜೈಲಿನಿಂದ ಹೊರಬರಲು ಏಕೆ ಆಗುವುದಿಲ್ಲ?

ಜಾಮೀನು ಆದೇಶಕ್ಕೂ ಜೈಲಿನ ಬಾಗಿಲಿಗೂ ನಡುವೆ ಶೂರಿಟಿ, ಅಂದರೆ ಆರೋಪಿ ಮತ್ತೆ ಹಾಜರಾಗುತ್ತಾನೆಂದು ಬೇರೊಬ್ಬರು ಕೊಡುವ ಭದ್ರತೆ, ಎಂಬ ಮೆಟ್ಟಿಲಿದೆ. ನಮ್ಮ ನ್ಯಾಯಾಲಯಗಳಲ್ಲಿ ಶೂರಿಟಿ ಕೊಡುವವರು ಸಾಮಾನ್ಯವಾಗಿ ಜಮೀನಿನ ಪಹಣಿ, ಆಧಾರ್ ಕಾರ್ಡು ಹಿಡಿದು ಬರಬೇಕು. ಬೆಂಗಳೂರಿನಲ್ಲಿ ಬಂಧಿತನಾದ, ರಾಯಚೂರಿನಿಂದಲೋ ಒಡಿಶಾದಿಂದಲೋ ಗಾರೆ ಕೆಲಸಕ್ಕೆ ಬಂದ ಹುಡುಗನಿಗಾಗಿ ತನ್ನ ಪಹಣಿ ಒತ್ತೆ ಇಡುವವರು ಯಾರು? ಇದು ಹೊಸ ಸಮಸ್ಯೆಯೇನಲ್ಲ. 1978ರಲ್ಲಿ ಮೋತಿರಾಮ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ ಆರೋಪಿ ಒಬ್ಬ ಗಾರೆ ಕೆಲಸದವನೇ. ಅವನಿಗೆ 10,000 ರೂಪಾಯಿಯ ಶೂರಿಟಿ ಕೇಳಲಾಗಿತ್ತು, ಅವನ ಅಣ್ಣತಮ್ಮಂದಿರಲ್ಲೊಬ್ಬ ಶೂರಿಟಿಗೆ ಬಂದರೂ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಲಾಗಿತ್ತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿದರು. ಮರುವರ್ಷ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ಆರೋಪಿತ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಸ್ಥಿತಿ ಬೆಳಕಿಗೆ ಬಂತು.

ಇಷ್ಟಾದರೂ 2022ರ ಸರ್ಕಾರಿ ಅಂಕಿ ಅಂಶದ ಪ್ರಕಾರ ದೇಶದ ಸುಮಾರು 5.73 ಲಕ್ಷ ಕೈದಿಗಳಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರು ಕಾನೂನಿನ ಪ್ರಕಾರ ಇನ್ನೂ ನಿರಪರಾಧಿಗಳು. ಸುರಕ್ಷಾ ಸಂಹಿತೆಯ 479ನೇ ಕಲಂ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರನ್ನು, ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದರಷ್ಟು ಕಾಲ ಒಳಗಿದ್ದವರನ್ನು ಬಿಡುಗಡೆ ಮಾಡಲು ಹೇಳುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇದು ಅನ್ವಯಿಸದು. ಅರ್ಜಿ ಹಾಕುವ ಹೊಣೆಯನ್ನು ಜೈಲು ಅಧೀಕ್ಷಕರ ಮೇಲೆ ಹೊರಿಸಿರುವುದು ಈ ಕಲಮಿನ ಒಳ್ಳೆಯ ಅಂಶ. ಅಮೆರಿಕದ ಹಲವು ರಾಜ್ಯಗಳಲ್ಲೂ ಹಣ ಕಟ್ಟಿ ಜಾಮೀನು ಪಡೆಯುವ ಪದ್ಧತಿ ಇದೇ ಗಾಯವನ್ನು ಮಾಡಿದೆ.

ಜ್ಯೂರಿ ಪದ್ಧತಿಯನ್ನು ಭಾರತ ನಾನಾವತಿ ಪ್ರಕರಣದಿಂದಾಗಿಯೇ ಕೈಬಿಟ್ಟಿತೇ?

ಹಾಗೆಂದು ಎಲ್ಲರೂ ಹೇಳುತ್ತಾರೆ, ಪೂರ್ತಿ ನಿಜವಲ್ಲ. 1959ರಲ್ಲಿ ಬೊಂಬಾಯಿಯ ಜ್ಯೂರಿ (ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ), ಪತ್ನಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತಿದ್ದ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿಯನ್ನು 8–1ರ ಬಹುಮತದಿಂದ ನಿರ್ದೋಷಿ ಎಂದದ್ದು, ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದು, ಅಲ್ಲಿ ಶಿಕ್ಷೆಯಾದದ್ದು ನಿಜ. ಆದರೆ ಅದಕ್ಕೂ ಮುನ್ನವೇ, 1958ರಲ್ಲಿ, ಕಾನೂನು ಆಯೋಗದ 14ನೇ ವರದಿ ಜ್ಯೂರಿಯನ್ನು ರದ್ದುಪಡಿಸಲು ಶಿಫಾರಸು ಮಾಡಿತ್ತು. ರಾಜ್ಯಗಳು ಒಂದೊಂದಾಗಿ ಕೈಬಿಟ್ಟವು, 1973ರ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಸಾಮಾನ್ಯ ಜನರನ್ನು ನ್ಯಾಯಪೀಠಕ್ಕೆ ಕರೆಯುವ ಬೇರೆ ದಾರಿಗಳೂ ಇವೆ. ಜಪಾನ್ 2009ರಿಂದ ಗಂಭೀರ ಪ್ರಕರಣಗಳಲ್ಲಿ ಮೂವರು ನ್ಯಾಯಾಧೀಶರ ಜೊತೆ ಆರು ನಾಗರಿಕರನ್ನು ಕೂರಿಸುತ್ತದೆ. ಅಪರಾಧಿ ಎನ್ನಬೇಕಾದರೆ ಬಹುಮತದಲ್ಲಿ ಕನಿಷ್ಠ ಒಬ್ಬ ನ್ಯಾಯಾಧೀಶರಾದರೂ ಇರಬೇಕು. ಜರ್ಮನಿಯಲ್ಲೂ ನಾಗರಿಕ ನ್ಯಾಯಾಧೀಶರು ವೃತ್ತಿಪರ ನ್ಯಾಯಾಧೀಶರ ಪಕ್ಕದಲ್ಲಿ ಕೂತು ಸಮಾನ ಮತ ಹಾಕುತ್ತಾರೆ.

ತಪ್ಪೊಪ್ಪಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಚೌಕಾಶಿ ಎಲ್ಲ ಕಡೆ ಇದೆಯೇ?

ಅಮೆರಿಕದಲ್ಲಿ ಅದೇ ಮುಖ್ಯ ದಾರಿ. ಅಲ್ಲಿನ ಸುಪ್ರೀಂ ಕೋರ್ಟ್ 2012ರ ತೀರ್ಪೊಂದರಲ್ಲಿ, ಫೆಡರಲ್ ನ್ಯಾಯಾಲಯಗಳ ಶಿಕ್ಷೆಗಳಲ್ಲಿ ಶೇ 97, ರಾಜ್ಯಗಳಲ್ಲಿ ಶೇ 94 ಇಂಥ ತಪ್ಪೊಪ್ಪಿಗೆಯಿಂದಲೇ ಆಗುತ್ತವೆ ಎಂದು ಗುರುತಿಸಿತು. ವಿಚಾರಣೆಗೆ ಹೋದರೆ ಇಪ್ಪತ್ತು ವರ್ಷ, ಒಪ್ಪಿಕೊಂಡರೆ ಮೂರು ವರ್ಷ ಎಂದರೆ ನಿರಪರಾಧಿಯೂ ಲೆಕ್ಕ ಹಾಕಬೇಕಾಗುತ್ತದೆ. ಭಾರತದಲ್ಲಿ 2006ರಿಂದ ಈ ಅವಕಾಶವಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಇದು ಸೀಮಿತವಾಗಿದ್ದು, ಮಹಿಳೆಯರ ಹಾಗೂ ಮಕ್ಕಳ ಮೇಲಿನ ಅಪರಾಧಗಳಿಗೆ ಅನ್ವಯಿಸದು. ಬಳಕೆ ತೀರಾ ಕಡಿಮೆ.

ನೊಂದವರಿಗೆ ಪ್ರಕರಣದಲ್ಲಿ ಏನು ಸ್ಥಾನ?

ನಮ್ಮಲ್ಲಿ ಬಹುಕಾಲ ಅವರು ಸಾಕ್ಷಿ ಮಾತ್ರ ಆಗಿದ್ದರು. 2009ರ ತಿದ್ದುಪಡಿ ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ನೊಂದವರಿಗೆ ಕೊಟ್ಟಿತು. ಈಗ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಅವರಿಗೆ ತಿಳಿಸಬೇಕು. ಫ್ರಾನ್ಸಿನಲ್ಲಿ ನೊಂದವರು ಪ್ರಕರಣದೊಳಗೇ ಪಕ್ಷಕಾರರಾಗಿ ವಕೀಲರೊಡನೆ ಕೂತು ಪರಿಹಾರ ಕೇಳಬಹುದು.

ಇಸ್ಲಾಮಿಕ್ ಕಾನೂನು ಜಾರಿಯಲ್ಲಿರುವ ದೇಶಗಳಲ್ಲಿ ಕೊಲೆಯ ಪ್ರಕರಣದಲ್ಲಿ ಮೃತರ ವಾರಸುದಾರರಿಗೇ ನಿರ್ಣಾಯಕ ಸ್ಥಾನ. ಅವರು ಪ್ರತಿಶಿಕ್ಷೆ ಕೇಳಬಹುದು, ಪರಿಹಾರ ಧನ ಪಡೆದು ಕ್ಷಮಿಸಬಹುದು, ಏನೂ ಪಡೆಯದೆಯೂ ಕ್ಷಮಿಸಬಹುದು. ಕ್ಷಮೆಗೆ ಕಾನೂನಿನೊಳಗೇ ಜಾಗ ಕೊಟ್ಟದ್ದು ದೊಡ್ಡ ಗುಣ. ಆದರೆ ಕೊಂದವನೂ ಕ್ಷಮಿಸುವವನೂ ಒಂದೇ ಮನೆಯವರಾದರೆ? ಪಾಕಿಸ್ತಾನದಲ್ಲಿ ಮರ್ಯಾದೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಕೊಂದ ಅಣ್ಣತಮ್ಮಂದಿರನ್ನು ತಂದೆ ತಾಯಿಯೇ ಕ್ಷಮಿಸಿ ಬಿಡಿಸಿಕೊಳ್ಳುವುದು ನಡೆದುಬಂತು. 2016ರ ತಿದ್ದುಪಡಿ, ಅಂಥ ಕೊಲೆಗಳಲ್ಲಿ ಕುಟುಂಬ ಕ್ಷಮಿಸಿದರೂ ಜೀವಾವಧಿ ಶಿಕ್ಷೆ ವಿಧಿಸಲು ದಾರಿ ಮಾಡಿತು.

ನಾರ್ವೆಯಲ್ಲಿ ಗರಿಷ್ಠ ಶಿಕ್ಷೆ 21 ವರ್ಷ ಮಾತ್ರ ಎನ್ನುವುದು ನಿಜವೇ? ಅಲ್ಲಿನ ಜೈಲುಗಳು ಹೋಟೆಲಿನಂತಿವೆಯೇ?

ಸಾಮಾನ್ಯ ಅಪರಾಧಗಳಿಗೆ ನಿಜ. 2011ರ ಜುಲೈ 22ರಂದು 77 ಜನರನ್ನು ಕೊಂದವನಿಗೂ 21 ವರ್ಷವೇ ಆಯಿತು. ಆದರೆ ಅದು ‘ರಕ್ಷಣಾ ಬಂಧನ’ವಾಗಿದ್ದು, ಅಪಾಯಕಾರಿ ಎನಿಸುತ್ತಿರುವಷ್ಟು ಕಾಲವೂ ಐದೈದು ವರ್ಷ ವಿಸ್ತರಿಸುತ್ತ ಹೋಗಬಹುದು. 2010ರಲ್ಲಿ ಆರಂಭವಾದ ಹಾಲ್ಡೆನ್ ಜೈಲಿನ ಅಚ್ಚುಕಟ್ಟಾದ ಕೋಣೆಗಳ ಚಿತ್ರ ನೋಡಿ ಜನ ಹುಬ್ಬೇರಿಸುತ್ತಾರೆ. ಸ್ವಾತಂತ್ರ್ಯ ಕಳೆದುಕೊಳ್ಳುವುದೇ ಶಿಕ್ಷೆ, ಅದರ ಮೇಲೆ ಇನ್ನೊಂದು ಶಿಕ್ಷೆ ಇರಬಾರದು ಎಂಬುದು ಅಲ್ಲಿನ ನಿಲುವು. ಜೈಲಿನೊಳಗಿನ ಪಾಠ, ವೈದ್ಯಕೀಯ ಸೇವೆ, ಗ್ರಂಥಾಲಯವನ್ನು ಹೊರಗಿನ ಜನರಿಗೆ ಅದೇ ಸೇವೆ ಕೊಡುವ ಸಂಸ್ಥೆಗಳೇ ನಡೆಸುತ್ತವೆ. ಹಾಗಾಗಿ ಬಿಡುಗಡೆಯಾದವನು ಅಪರಿಚಿತ ಲೋಕಕ್ಕೆ ಕಾಲಿಡುವುದಿಲ್ಲ.

ಇದೇ ಉತ್ತರದ ನಾಡುಗಳಿಂದ ನಾವು ಕಲಿಯಬಹುದಾದ ಇನ್ನೊಂದು ಸಂಗತಿ ದಂಡದ ಲೆಕ್ಕ. ಫಿನ್ಲೆಂಡ್ 1921ರಲ್ಲೇ ದಂಡವನ್ನು ಅಪರಾಧಿಯ ದಿನದ ಆದಾಯಕ್ಕೆ ಹೊಂದಿಸಿತು. 2002ರಲ್ಲಿ ಮೊಬೈಲ್ ಕಂಪನಿಯ ಹಿರಿಯ ಅಧಿಕಾರಿಯೊಬ್ಬರಿಗೆ ಬೈಕ್ ವೇಗವಾಗಿ ಓಡಿಸಿದ್ದಕ್ಕೆ ಒಂದು ಲಕ್ಷ ಯೂರೋಗೂ ಹೆಚ್ಚು ದಂಡ ಬಿದ್ದಿತ್ತು, ಮೇಲ್ಮನವಿಯಲ್ಲಿ ಅದು ಇಳಿಯಿತು. ಕೂಲಿಯವನಿಗೂ ಕೋಟ್ಯಧಿಪತಿಗೂ ಒಂದೇ 1,000 ರೂಪಾಯಿ ದಂಡ ಹಾಕುವುದು ಸಮಾನತೆಯಲ್ಲ.

ರುವಾಂಡದ ಗಚಾಚಾ ನ್ಯಾಯಾಲಯಗಳು ಯಶಸ್ವಿಯಾದವೇ?

1994ರಲ್ಲಿ ಸುಮಾರು ನೂರು ದಿನಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಜನ, ಬಹುತೇಕ ಟುಟ್ಸಿ ಜನಾಂಗದವರು, ಅಕ್ಕಪಕ್ಕದವರ ಕೈಯಿಂದಲೇ ಹತರಾದರು. ನ್ಯಾಯಾಧೀಶರೂ ವಕೀಲರೂ ಸತ್ತಿದ್ದರು ಇಲ್ಲವೇ ಓಡಿಹೋಗಿದ್ದರು. ಇಕ್ಕಟ್ಟಾದ ಜೈಲುಗಳಲ್ಲಿ ಲಕ್ಷಕ್ಕೂ ಮಿಕ್ಕಿ ಆರೋಪಿಗಳು ತುಂಬಿದ್ದರು, ಸಾಮಾನ್ಯ ನ್ಯಾಯಾಲಯಗಳಲ್ಲಿ ನಡೆಸಿದರೆ ನೂರು ವರ್ಷವಾದರೂ ಮುಗಿಯದಷ್ಟು ಪ್ರಕರಣಗಳಿದ್ದವು. ವಿಶ್ವಸಂಸ್ಥೆ ಟಾಂಜಾನಿಯದ ಅರೂಶಾದಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಎರಡು ದಶಕದಲ್ಲಿ ಆರೋಪ ಹೊರಿಸಿದ್ದು 93 ಜನರ ಮೇಲೆ.

ಆಗ ರುವಾಂಡ ಹಳ್ಳಿಯ ಜಗಳಗಳನ್ನು ಹುಲ್ಲುಹಾಸಿನ ಮೇಲೆ ಕೂತು ಬಗೆಹರಿಸುತ್ತಿದ್ದ ಹಳೆಯ ಪದ್ಧತಿಯನ್ನು ಹೊಸ ಕಾನೂನಿನಿಂದ ಕಟ್ಟಿತು. ಗಚಾಚಾ ಎಂಬ ಹೆಸರು ಆ ಹುಲ್ಲಿನಿಂದಲೇ ಬಂದದ್ದು. ಊರವರೇ ಪ್ರಾಮಾಣಿಕರೆಂದು ಆರಿಸಿದವರು ನ್ಯಾಯಾಧೀಶರು. ವಾರಕ್ಕೊಮ್ಮೆ ಸಭೆ, ಊರಿನವರೆಲ್ಲ ಬರಬೇಕು. ತಪ್ಪೊಪ್ಪಿಕೊಂಡು, ಹೆಣಗಳನ್ನು ಎಲ್ಲಿ ಹೂತರೆಂದು ತೋರಿಸಿ, ಕ್ಷಮೆ ಕೇಳಿದವರಿಗೆ ಶಿಕ್ಷೆ ಕಡಿಮೆ, ಕೆಲವರಿಗೆ ಸಮುದಾಯ ಸೇವೆ. ಸುಮಾರು 12,000 ನ್ಯಾಯಾಲಯಗಳು 2012ರ ಜೂನ್‌ನಲ್ಲಿ ಮುಚ್ಚುವ ಹೊತ್ತಿಗೆ 19 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ಮುಗಿಸಿದ್ದವು.

ಮಗನ ಎಲುಬು ಎಲ್ಲಿದೆ ಎಂದು ಗೊತ್ತಾಗಿ ಅದನ್ನು ಮಣ್ಣು ಮಾಡಲು ಸಾಧ್ಯವಾದ ತಾಯಿಗೆ ಅರೂಶಾದ ತೀರ್ಪುಗಳು ಕೊಡಲಾರದ್ದನ್ನು ಈ ಸಭೆಗಳು ಕೊಟ್ಟವು. ಆದರೆ ಅಲ್ಲಿ ಆರೋಪಿಗೆ ವಕೀಲರಿರಲಿಲ್ಲ. ಹಳೆಯ ಜಮೀನಿನ ಜಗಳಕ್ಕೆ ಸುಳ್ಳು ಆರೋಪ ಹೊರಿಸಿದವರಿದ್ದರು, ಸಾಕ್ಷಿ ಹೇಳಿದ್ದಕ್ಕೆ ಕೊಲೆಯಾದವರಿದ್ದರು, ಗೆದ್ದ ಪಡೆಯ ಸೈನಿಕರು ಮಾಡಿದ ಕೊಲೆಗಳು ಈ ಸಭೆಗಳ ಮುಂದೆ ಬರಲೇ ಇಲ್ಲ. ಯಶಸ್ವಿಯಾದವೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಹೇಳುವುದು ಆ ಜನರಿಗೆ ಮಾಡುವ ಅನ್ಯಾಯ. ಬೇರೆ ದಾರಿಯಿಲ್ಲದ ಹೊತ್ತಿನಲ್ಲಿ ಅವರು ಹಿಡಿದ ದಾರಿ ಅದು.

ನಮ್ಮ ಊರ ಪಂಚಾಯ್ತಿಗಳೂ ಹಾಗೆಯೇ ಕ್ರಿಮಿನಲ್ ಪ್ರಕರಣ ಬಗೆಹರಿಸಬಹುದೇ?

ಸಾಧ್ಯವಿಲ್ಲ. ಸಣ್ಣ ಹೊಡೆದಾಟ, ಬೈದಾಟದಂಥ ರಾಜಿಯಾಗಬಲ್ಲ ಅಪರಾಧಗಳನ್ನು ಸುರಕ್ಷಾ ಸಂಹಿತೆಯ 359ನೇ ಕಲಂ ಪಟ್ಟಿ ಮಾಡಿದೆ, ಆ ರಾಜಿಯೂ ಕಾನೂನಿನ ಚೌಕಟ್ಟಿನಲ್ಲಿ ಆಗಬೇಕು. ಅತ್ಯಾಚಾರ, ಜಾತಿ ದೌರ್ಜನ್ಯಗಳನ್ನು ಊರ ಕಟ್ಟೆಯ ಮೇಲೆ ‘ಮುಗಿಸುವುದು’, ದಂಡ ಅಥವಾ ಬಹಿಷ್ಕಾರ ಹಾಕುವುದು ನ್ಯಾಯವಲ್ಲ. ಅದು ಇನ್ನೊಂದು ಅಪರಾಧ. ಊರಿನ ಬಲಾಢ್ಯರೇ ಕಟ್ಟೆಯ ಮೇಲೂ ಕೂತಿರುತ್ತಾರೆ ಎಂಬುದನ್ನು ನೊಂದವರು ಬಲ್ಲರು. ಸಂವಿಧಾನವೇ ಜಾಗ ಕೊಟ್ಟ ಕಡೆ ಮಾತು ಬೇರೆ: 371ಎ ವಿಧಿ ನಾಗಾಲ್ಯಾಂಡಿನಲ್ಲಿ ನಾಗಾ ರೂಢಿ ಕಾನೂನಿನಂತೆ ನಡೆಯುವ ಸಿವಿಲ್ ಮತ್ತು ಕ್ರಿಮಿನಲ್ ನ್ಯಾಯಾಡಳಿತವನ್ನು ರಕ್ಷಿಸುತ್ತದೆ. ನ್ಯೂಜಿಲೆಂಡ್ 1989ರ ಕಾಯ್ದೆಯಲ್ಲಿ ಮಾವೊರಿ ಜನರ ಆಗ್ರಹವನ್ನು ಗೌರವಿಸಿ, ತಪ್ಪು ಮಾಡಿದ ಎಳೆಯರ ಕುಟುಂಬ, ನೊಂದವರು ಮತ್ತು ಪೊಲೀಸರು ಒಟ್ಟಿಗೆ ಕೂತು ಪರಿಹಾರ ಹುಡುಕುವ ಕುಟುಂಬ ಸಭೆಯನ್ನು ತಂದಿತು. ಅದರ ಹಿಂದೆ ನ್ಯಾಯಾಲಯದ ಕಣ್ಗಾವಲು ಇರುತ್ತದೆ.

ಕರಾವಳಿಯಿಂದ ಗಲ್ಫ್‌ಗೆ ಹೋದ ನಮ್ಮವರು ಅಲ್ಲಿ ಬಂಧಿತರಾದರೆ?

1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತರು ಕೇಳಿಕೊಂಡರೆ ತಡಮಾಡದೆ ಭಾರತೀಯ ದೂತಾವಾಸಕ್ಕೆ ತಿಳಿಸಬೇಕು, ದೂತಾವಾಸದ ಅಧಿಕಾರಿಗಳಿಗೆ ಭೇಟಿಯ ಅವಕಾಶ ಕೊಡಬೇಕು. ಅರೇಬಿಕ್‌ನಲ್ಲಿ ಬರೆದ ಹೇಳಿಕೆಗೆ ಅನುವಾದ ಕೇಳದೆ ಸಹಿ ಹಾಕಬಾರದು. ರಸ್ತೆ ಅಪಘಾತದಲ್ಲಿ ಸಾವಾದರೂ ಪರಿಹಾರ ಧನದ ಪ್ರಶ್ನೆ ಬರುವುದರಿಂದ ವಾಹನದ ವಿಮೆಯ ದಾಖಲೆ ಕೈಯಲ್ಲಿರಬೇಕು. ಶಿಕ್ಷೆಯಾದ ಮೇಲೆ, ಆ ದೇಶದೊಡನೆ ಒಪ್ಪಂದವಿದ್ದರೆ, 2003ರ ಕೈದಿಗಳ ವಾಪಸಾತಿ ಕಾಯ್ದೆಯಡಿ ಉಳಿದ ಅವಧಿಯನ್ನು ಭಾರತದ ಜೈಲಿನಲ್ಲಿ ಕಳೆಯಲು ಅರ್ಜಿ ಹಾಕಬಹುದು.

ಮನೆಯವರನ್ನು ಪೊಲೀಸರು ಕರೆದೊಯ್ದರೆ ಮೊದಲು ಏನು ಮಾಡಬೇಕು?

ಯಾವ ಠಾಣೆ, ಯಾವ ಅಪರಾಧ ಸಂಖ್ಯೆ, ಎಷ್ಟು ಗಂಟೆಗೆ ಬಂಧನ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ, ಏಕೆಂದರೆ 24 ಗಂಟೆಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ಬಂಧನದ ಜ್ಞಾಪನಾ ಪತ್ರಕ್ಕೆ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿ ಇರಬೇಕು. ಬಂಧನದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 2023ರ ಪಂಕಜ್ ಬನ್ಸಲ್ ತೀರ್ಪಿನಿಂದೀಚೆಗೆ ಸುಪ್ರೀಂ ಕೋರ್ಟ್ ಇದಕ್ಕೆ ಹೆಚ್ಚು ಹೆಚ್ಚು ಒತ್ತು ಕೊಡುತ್ತ ಬಂದಿದೆ. ಅಪರೂಪದ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಹೊರತು ಮಹಿಳೆಯರನ್ನು ಸೂರ್ಯಾಸ್ತದ ನಂತರ ಬಂಧಿಸುವಂತಿಲ್ಲ. ವೈದ್ಯಕೀಯ ತಪಾಸಣೆಯ ವೇಳೆ ಮೈಮೇಲೆ ಗಾಯವಿದ್ದರೆ ವೈದ್ಯರಿಗೆ ಹೇಳಿ ಬರೆಸಬೇಕು, ಮ್ಯಾಜಿಸ್ಟ್ರೇಟರು ಕೇಳಿದಾಗ ಹೆದರದೆ ಹೇಳಬೇಕು. ವಕೀಲರನ್ನು ಇಡಲು ಹಣವಿಲ್ಲದಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿದೆ. ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವಾಗಲೇ ವಕೀಲರು ಪಕ್ಕದಲ್ಲಿರುವಂತೆ ನೋಡಿಕೊಳ್ಳಿ. ದೋಷಾರೋಪಣಾ ಪಟ್ಟಿ ಅಪರಾಧದ ಗಂಭೀರತೆಗೆ ಅನುಗುಣವಾಗಿ 60 ಅಥವಾ 90 ದಿನಗಳೊಳಗೆ ಬಾರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ, ಆದರೆ ಅದನ್ನು ಕೇಳಿ ಅರ್ಜಿ ಹಾಕಿದವರಿಗೆ ಮಾತ್ರ. ಪಟ್ಟಿ ಸಲ್ಲಿಕೆಯಾದ ಮೇಲೆ ಕೇಳಿದರೆ ಆ ಹಕ್ಕು ಉಳಿದಿರುವುದಿಲ್ಲ. ಹಾಗಾಗಿ ರಿಮಾಂಡ್ ಆದ, ಅಂದರೆ ಮ್ಯಾಜಿಸ್ಟ್ರೇಟರು ಮೊದಲು ವಶಕ್ಕೆ ಒಪ್ಪಿಸಿದ, ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.